ಸೂಪಿನ ಫೋಟೋ ಇರಲಿ

ಮಗಳಿಗೆ ಅರ್ಥವಾಗಬಾರದ ಮಾತುಗಳನ್ನು ಸಯೀದಾ ಮತ್ತು ಮೆಹಬೂಬ್ ಕನ್ನಡದಲ್ಲಿ ಆಡುತ್ತಿದ್ದರು. ಉಮೈಮಾಳಿಗೆ ಇಂಗ್ಲಿಷ್ ಬರುತ್ತಿತ್ತು, ಮನೆಯ ಉರ್ದುವೂ ಬರುತ್ತಿತ್ತು. ಮೈಸೂರಿನ ಕನ್ನಡ ಮಾತ್ರ ಅಪ್ಪ ಅಮ್ಮನ ಗುಟ್ಟಿನ ಭಾಷೆಯಾಗಿ ಉಳಿದುಬಿಟ್ಟಿತ್ತು. ಅಮೆರಿಕದ ಗ್ರೀನ್ ಕಾರ್ಡಿನ ಚಿಂತೆ, ಊರಲ್ಲಿ ಅಣ್ಣತಮ್ಮಂದಿರ ಜಗಳ, ಯಾರದೋ ಮನೆ ಮುರಿದ ಸುದ್ದಿ, ಎಲ್ಲವೂ ಕನ್ನಡದಲ್ಲೇ. ಹಾಗಾಗಿ ಥ್ಯಾಂಕ್ಸ್‌ಗಿವಿಂಗ್ ಮರುದಿನದ ಶುಕ್ರವಾರ, ನಮಾಜ್ ಮುಗಿಸಿ ಕಾರು ಹತ್ತಿದ ಕೂಡಲೇ ಮೆಹಬೂಬ್ ಕನ್ನಡಕ್ಕೆ ತಿರುಗಿದಾಗ, ಏನೋ ಆಗಿದೆಯೆಂದು ಸಯೀದಾಳಿಗೆ ತಿಳಿಯಿತು.

"ಲೇಡೀಸ್ ಕಡೆ ಒಬ್ಬಳು ಬಿಳಿ ಹೆಂಗಸು ಬಂದಿದ್ದಳಲ್ಲ, ನೋಡಿದ್ಯಾ?"

"ನನ್ನ ಪಕ್ಕದಲ್ಲೇ ನಿಂತಿದ್ದಳು."

"ಏನು ಕೇಳಿದಳು?"

ಕೇಳಿದ್ದೇನೋ ಬಹಳ ಇತ್ತು. ಅರವತ್ತರ ಆಸುಪಾಸಿನ ಎತ್ತರದ ಹೆಂಗಸು. ತಲೆಯ ಮೇಲೆ ಕಪ್ಪು ಶಾಲು, ಅದರ ತುಂಬ ಕೆಂಪು ಗುಲಾಬಿಗಳು. ಕೊರೊನಾ ಕಾಲದ ಮಾಸ್ಕಿನ ಮೇಲೆ ಬೂದುನೀಲಿ ಕಣ್ಣು. ನಮಾಜಿನಲ್ಲಿ ಒಂದು ತಪ್ಪೂ ಮಾಡಲಿಲ್ಲ, ಆದರೆ ಪಿಸುಗುಟ್ಟಿದ ಅರಬ್ಬಿಯ ಉಚ್ಚಾರ ಸಯೀದಾ ಎಲ್ಲೂ ಕೇಳಿರದಂಥದ್ದು. ಮುಗಿದ ಮೇಲೆ ಆಕೆ ಹತ್ತಿರ ಸರಿದು ಮೆಲ್ಲನೆ ವಿಚಾರಿಸಿದ್ದಳು: ಇಲ್ಲಿ ತೀರಿಹೋದ ಹೆಂಗಸರಿಗೆ ಸ್ನಾನ ಮಾಡಿಸುವವರು ಯಾರು? ನಿಮ್ಮ ಖಬರಸ್ತಾನ ಎಲ್ಲಿದೆ? ಇರಾಕಿನಿಂದ ಬಂದ ಕುಟುಂಬಗಳು ಇಲ್ಲಿ ಇವೆಯೇ?

ಕೊನೆಯ ಪ್ರಶ್ನೆ ಕೇಳಿ ಮೆಹಬೂಬ್ ಸ್ಟಿಯರಿಂಗ್ ಮೇಲಿನ ಕೈ ಬಿಗಿ ಮಾಡಿದ. "ಹೆಸರೇನಂತೆ?"

"ಹಲೀನಾ ಸುಲೈಮಾನೊವಿಚ್. ಪೋಲಂಡ್‌ನವಳು. ಅವರ ಮನೆತನ ಆರುನೂರು ವರ್ಷದಿಂದ ಮುಸ್ಲಿಮರಂತೆ. ತಾತಾರರು ಅಂತಾರಂತೆ."

"ಪೋಲಂಡಲ್ಲಿ ಮುಸ್ಲಿಮರು? ಪೋಪ್ ಹುಟ್ಟಿದ ದೇಶ ಕಣೇ ಅದು." ಮೆಹಬೂಬ್ ನಕ್ಕ, ಆದರೆ ನಗು ಮುಖಕ್ಕೆ ಹತ್ತಲಿಲ್ಲ. "ಹೆಸರೊಳಗೊಬ್ಬ ಸುಲೈಮಾನನ್ನ ಕೂರಿಸಿಕೊಂಡು ಬಂದಿದ್ದಾಳೆ. ಯಾವುದೋ ಆಫೀಸಲ್ಲಿ ಯಾರೋ ಕೂತು ಕಟ್ಟಿದ ಹೆಸರಿನ ಥರ ಇದೆ. ಕೆಲಸ?"

"ಕೋರ್ಟಲ್ಲಿ ಇಂಟರ್‌ಪ್ರಿಟರ್. ಪೋಲಿಷ್, ರಷ್ಯನ್."

ವಾಷಿಂಗ್ಟನ್ ಹತ್ತಿರದ ಜರ್ಮನ್‌ಟೌನ್‌ನ ಆ ನಮಾಜಿನ ಹಾಲ್ ಹೈವೇ ಪಕ್ಕದ ಆಫೀಸ್ ಪಾರ್ಕಿನಲ್ಲಿ, ಹಲ್ಲಿನ ಡಾಕ್ಟರಿಗೂ ಟ್ಯಾಕ್ಸ್ ಆಫೀಸಿಗೂ ನಡುವೆ ಬಾಡಿಗೆಗೆ ಹಿಡಿದ ಜಾಗ. ಮೆಹಬೂಬ್ ಅದರ ಕಮಿಟಿಯ ಕಾರ್ಯದರ್ಶಿ. ಸರ್ಕಾರದ ಪರವಾಗಿ ಬೇರೆ ಊರಿನ ಮಸೀದಿಗಳಿಗೆ ಹೊಸಬರ ವೇಷದಲ್ಲಿ ಬಂದು, ಮಾತಿಗೆಳೆದು, ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡು ಹೋದವರ ಕಥೆಗಳನ್ನು ಅಲ್ಲಿ ಎಲ್ಲರೂ ಕೇಳಿದ್ದರು. ಮೆಹಬೂಬನ ಗ್ರೀನ್ ಕಾರ್ಡ್ ಅರ್ಜಿ ಇನ್ನೂ ಕೂತಲ್ಲೇ ಕೂತಿತ್ತು. ಅಂಥವನಿಗೆ ಆ ಕಥೆಗಳು ಬರೀ ಕಥೆಗಳಲ್ಲ.

"ಅವಳ ಮೇಲೆ ಒಂದು ಕಣ್ಣಿಡು," ಅಂದ. "ಸ್ನೇಹ ಮಾಡ್ಕೋ. ಏನು ಬೇಕು ಅವಳಿಗೆ, ತಿಳ್ಕೋ. ಮತ್ತೆ ಲೇಡೀಸ್‌ಗೆಲ್ಲ ಹೇಳಿಬಿಡು, ಯಾವ ದೇಶದವರು ಅಂತ ಕೇಳಿದರೆ ಬಾಯಿ ಬಿಡಬೇಡಿ ಅಂತ."

"ಆ ಫ್ಲವರ್ಸ್ ಲೇಡಿ ಬಗ್ಗೆ ತಾನೆ ನೀವು ಮಾತಾಡ್ತಿರೋದು?" ಎಂದು ಹಿಂದಿನ ಸೀಟಿನಿಂದ ಉಮೈಮಾ ಇಂಗ್ಲಿಷಿನಲ್ಲಿ ಕೇಳಿದಳು.

ಸಯೀದಾ ಮನೆಗೆ ಹೋಗಿ ಒಬ್ಬೊಬ್ಬರಿಗೇ ಫೋನ್ ಮಾಡಿದಳು. ನಸ್ರೀನಳಿಗೆ ಎಲ್ಲರಿಗಿಂತ ಮೊದಲು. ನಸ್ರೀನ್ ಇರಾಕಿನ ಕುರ್ದಿಷ್ ಹೆಂಗಸು, ಗ್ರೋಸರಿ ಅಂಗಡಿಯೊಂದರ ಬೇಕರಿಯಲ್ಲಿ ಕೆಲಸ. ಅಮೆರಿಕದಲ್ಲಿ ಆಶ್ರಯ ಕೇಳಿದ ಗಂಡ ಹೆಂಡಿರ ಅಸೈಲಮ್ ಕೇಸ್ ಇನ್ನೂ ತೀರ್ಮಾನವಾಗಿರಲಿಲ್ಲ. "ಹೇಳಿದ್ದು ಒಳ್ಳೆಯದಾಯಿತು, ಸಿಸ್ಟರ್," ಅಂದಳು ನಸ್ರೀನ್. ಆಮೇಲೆ ಅವಳು ಶುಕ್ರವಾರಗಳಿಗೆ ಬರುವುದನ್ನೇ ಬಿಟ್ಟಳು.

ಅನುಮಾನ ಪಡುವುದು ಸಯೀದಾಳಿಗೆ ಹೊಸದಲ್ಲ. ಅವಳು ಕೆಲಸ ಮಾಡುತ್ತಿದ್ದದ್ದು ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ. ತಯಾರಾದ ಪ್ರತಿ ಬ್ಯಾಚಿನಲ್ಲೂ ಇರಬಾರದ್ದೇನಾದರೂ ಸೇರಿದೆಯೇ ಎಂದು ಹುಡುಕುವುದಕ್ಕೇ ಅವಳಿಗೆ ಸಂಬಳ. ಅದೇ ಕಣ್ಣಿನಿಂದ ಮುಂದಿನ ಶುಕ್ರವಾರ ಹಲೀನಾಳನ್ನು ನೋಡಿದಳು. ಆಕೆ ಒಳಗೆ ಬರುವಾಗ ಯಾವ ಕಾಲು ಮೊದಲಿಟ್ಟಳು, ಫೋನ್ ಎಲ್ಲಿಟ್ಟಳು, ಯಾರ ಮುಖವನ್ನು ಎರಡನೇ ಸಲ ನೋಡಿದಳು. ನಮಾಜಾದ ಮೇಲೆ ಇಬ್ಬರೂ ಪಕ್ಕದ ಕಾಫಿ ಅಂಗಡಿಗೆ ಹೋದರು. ಹಲೀನಾ ಮತ್ತೆ ಇರಾಕಿನವರ ಮಾತೆತ್ತಿದಳು. ಸಯೀದಾ, "ನಮ್ಮಲ್ಲಿ ಎಲ್ಲ ಕಡೆಯವರೂ ಬಂದು ಹೋಗ್ತಾರೆ," ಎಂದು ಜಾರಿಕೊಂಡಳು. ಹಲೀನಾ ಮಾತು ಬದಲಿಸಿದಳು.

"ಮುಂದಿನ ಭಾನುವಾರ ನಮ್ಮ ಪೋಲಿಷ್ ಸಂಘದಲ್ಲಿ ಪರಂಪರೆಯ ದಿನ ಅಂತ ಮಾಡ್ತಾರೆ. ನನಗೂ ಒಂದು ಮೇಜು ಕೊಟ್ಟಿದ್ದಾರೆ. ಬರ್ತೀರಾ? ನಮ್ಮವರು ಒಬ್ಬರು ಜೊತೆಗಿದ್ದರೆ ನನಗೆ ಧೈರ್ಯ."

ನಮ್ಮವರು ಅಂದರೆ ಯಾರು, ಧೈರ್ಯ ಯಾಕೆ ಬೇಕು ಎಂದು ಸಯೀದಾ ಮನಸ್ಸಿನಲ್ಲೇ ಬರೆದುಕೊಂಡಳು. ಮನೆಗೆ ಬಂದು ಮೆಹಬೂಬನಿಗೆ ಒಪ್ಪಿಸಿದಳು. "ಹೋಗು," ಅಂದ ಅವನು. "ಸಂಘ ನಿಜವಾಗಲೂ ಇದೆಯಾ ಅಂತಲಾದರೂ ಗೊತ್ತಾಗುತ್ತೆ."

ಸಂಘ ನಿಜವಾಗಿಯೂ ಇತ್ತು. ಪಕ್ಕದ ಊರು ರಾಕ್‌ವಿಲ್ ಕಡೆಯ ಒಂದು ದೊಡ್ಡ ಹಾಲ್, ಬಾಗಿಲಿಂದಲೇ ಬೀಟ್‌ರೂಟ್ ಸಾರಿನ ಮತ್ತು ಗಸಗಸೆ ರೊಟ್ಟಿಯ ವಾಸನೆ, ಗೋಡೆಯುದ್ದಕ್ಕೂ ಬಿಳಿ ಕೆಂಪು ಬಾವುಟ. ಕಸೂತಿ ಹಾಕಿದ ಜಾಕೆಟ್ ತೊಟ್ಟ ಮಕ್ಕಳು ಓಡಾಡುತ್ತಿದ್ದರು. ಒಂದು ಬದಿಯಲ್ಲಿ ದೇಶದ ಚರಿತ್ರೆಯ ಫಲಕಗಳು: ಪಕ್ಕದ ರಾಜರು ದೇಶವನ್ನು ಹಂಚಿಕೊಂಡದ್ದು, ಯುದ್ಧ, ಜರ್ಮನರು, ರಷ್ಯನ್ನರು, ಆಮೇಲೆ ಕಾರ್ಮಿಕರ ಹೋರಾಟ. ಕೊನೆಯ ಮೂಲೆಯಲ್ಲಿ "ನಮ್ಮ ತಾತಾರರು" ಎಂಬ ಬರಹದ ಕೆಳಗೆ ಹಲೀನಾಳ ಮೇಜು.

ಮೇಜಿನ ಮೇಲೆ ಪದರ ಪದರವಾಗಿ ಸುತ್ತಿ ಬೇಯಿಸಿದ ಮಾಂಸದ ಕಡುಬು, ಒಂದು ಹಳೆಯ ಕುರಾನ್, ಕುದುರೆಯ ಪಕ್ಕ ನಿಂತ ಸೈನಿಕನ ಫೋಟೋ. ಹಲೀನಾಳ ಅಜ್ಜ. ಪೋಲಿಷ್ ಸೈನ್ಯದ ಸಮವಸ್ತ್ರ, ಅದರ ಮೇಲೆ ಅರ್ಧಚಂದ್ರದ ಗುರುತು. ಸಯೀದಾ ಬಗ್ಗಿ ನೋಡಿದಳು. ಕಾಗದ ಹಳೆಯದೇ. ಅಜ್ಜನ ಕಣ್ಣೂ ಹಲೀನಾಳ ಕಣ್ಣೂ ಒಂದೇ. ಆದರೂ ಮನಸ್ಸು ಪೂರ್ತಿ ಒಪ್ಪಲಿಲ್ಲ. ಹಳೆಯ ಫೋಟೋಗಳು ಕೊಂಡುಕೊಳ್ಳಲೂ ಸಿಗುತ್ತವೆ.

ಸಂಘದ ಅಧ್ಯಕ್ಷ ರಿಶಾರ್ಡ್ ಬಂದು ಪರಿಚಯ ಮಾಡಿಕೊಂಡ. ಎಪ್ಪತ್ತು ದಾಟಿದ, ದಪ್ಪ ಬಿಳಿ ಮೀಸೆಯ ಮನುಷ್ಯ. ಸಯೀದಾಳಿಗೆ ಗೋಡೆಯ ಮೇಲಿನ ಯುದ್ಧದ ಚಿತ್ರ ತೋರಿಸಿದ. "ತುರ್ಕಿಯರು ವಿಯೆನ್ನಾಕ್ಕೆ ಮುತ್ತಿಗೆ ಹಾಕಿದಾಗ ನಮ್ಮ ರಾಜ ಹೋಗಿ ಬಿಡಿಸಿದ. ತುರ್ಕಿಯರ ಕಡೆಯೂ ತಾತಾರರು, ನಮ್ಮ ಕಡೆಯೂ ತಾತಾರರು. ಗೊಂದಲ ಆಗಬಾರದು ಅಂತ ನಮ್ಮ ತಾತಾರರು ಶಿರಸ್ತ್ರಾಣಕ್ಕೆ ಹುಲ್ಲಿನ ಕಡ್ಡಿ ಸಿಕ್ಕಿಸಿಕೊಂಡು ಹೋರಾಡಿದರಂತೆ. ಹಲೀನಾಳಂಥವರು ನಮಗಿಂತ ಹೆಚ್ಚು ಪೋಲಿಷ್, ಗೊತ್ತಾ?"

ಅವನ ದನಿಯಲ್ಲಿ ನಿಜವಾದ ಪ್ರೀತಿ ಇತ್ತು. ಸಯೀದಾಳಿಗೆ ಮಾತ್ರ ಎರಡು ವರ್ಷದ ಹಿಂದಿನ ರಾಜ್ಯೋತ್ಸವದ ವೇದಿಕೆ ನೆನಪಾಯಿತು. ನಿರೂಪಣೆ ಮಾಡಲು ಅವಳನ್ನು ಕರೆದಿದ್ದರು. ಮೈಕ್ ಕೊಡುವಾಗ ಇಲ್ಲಿನ ಕನ್ನಡ ಸಂಘದ ವೇಣುಗೋಪಾಲ ಅಂಕಲ್, "ನಮ್ಮ ಸಯೀದಾ, ನಮಗಿಂತ ಚೆನ್ನಾಗಿ ಕನ್ನಡ ಮಾತಾಡ್ತಾರೆ," ಎಂದಿದ್ದರು. ಜನ ಚಪ್ಪಾಳೆ ಹೊಡೆದಿದ್ದರು, ಅವಳೂ ನಕ್ಕಿದ್ದಳು. ಅವಳು ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ. ಕನ್ನಡ ಮಾತಾಡದೆ ಇನ್ನೇನು ಮಾತಾಡಬೇಕಿತ್ತೋ.

ರಿಶಾರ್ಡ್ ಆಚೆ ಹೋದ ಮೇಲೆ ಹಲೀನಾ ಚೀಲದಿಂದ ಎರಡು ದೊಡ್ಡ ಫೋಟೋ ತೆಗೆದು ಅಜ್ಜನ ಅಕ್ಕಪಕ್ಕ ನಿಲ್ಲಿಸಿದಳು. ಒಂದರಲ್ಲಿ ತಲೆಗೆ ಸ್ಕಾರ್ಫ್ ಕಟ್ಟಿದ ಹೆಂಗಸು ದೊಡ್ಡ ಪಾತ್ರೆಯಿಂದ ಸೈನಿಕರಿಗೆ ಬಿಸಿ ಸೂಪು ಬಡಿಸುತ್ತಿದ್ದಳು. ಇನ್ನೊಂದರಲ್ಲಿ ಪೈನ್ ಮರಗಳ ನಡುವೆ ಹೊಸ ಗೋರಿ, ಮೇಲೆ ಹಸಿರು ರೆಂಬೆಗಳು. ಅದೇ ಹೆಂಗಸು ಸನಿಕೆ ಹಿಡಿದು ನಿಂತಿದ್ದಳು.

"ನನ್ನ ತಂಗಿ ಮೆರ್ಯೆಮಾ," ಅಂದಳು ಹಲೀನಾ. "ನಮ್ಮ ಹಳ್ಳಿ ಬೆಲಾರುಸ್ ಗಡಿಯ ಹತ್ತಿರ."

ಆ ಚಳಿಗಾಲ ಟಿವಿ ನೋಡಿದವರಿಗೆಲ್ಲ ಆ ಗಡಿ ಗೊತ್ತಿತ್ತು. ಇರಾಕ್, ಸಿರಿಯಾಗಳಿಂದ ಬಂದ ಜನ ಕಾಡಿನಲ್ಲಿ ಸಿಕ್ಕಿಕೊಂಡಿದ್ದರು. ಅತ್ತ ಬೆಲಾರುಸ್ ವಾಪಸ್ ಬಿಡುತ್ತಿರಲಿಲ್ಲ, ಇತ್ತ ಪೋಲಂಡ್ ಒಳಗೆ ಬಿಡುತ್ತಿರಲಿಲ್ಲ. ಚಳಿಯಲ್ಲಿ ಸತ್ತವರನ್ನು ಹತ್ತಿರದ ತಾತಾರ ಹಳ್ಳಿಯವರು ತಮ್ಮ ಖಬರಸ್ತಾನದಲ್ಲಿ ಮಣ್ಣು ಮಾಡುತ್ತಿದ್ದರು.

ಸ್ವಲ್ಪ ಹೊತ್ತಿನಲ್ಲೇ ಮೇಜಿನ ಸುತ್ತ ಜನ ಸೇರಿದರು. ರಿಶಾರ್ಡ್ ಮತ್ತೆ ಬಂದ. ಇಂಗ್ಲಿಷಿನಲ್ಲಿ ಶುರುವಾದ ಮಾತು ಬೇಗನೆ ಪೋಲಿಷಿಗೆ ಹೊರಳಿತು. ತನಗೆ ತಿಳಿಯಬಾರದೆಂದೇ ಹೀಗೆ ಮಾತಾಡುತ್ತಿದ್ದಾರೆ ಎಂದು ಸಯೀದಾಳಿಗೆ ಅನಿಸಿತು. ಪಕ್ಕದಲ್ಲಿ ನಿಂತಿದ್ದ ನಡುವಯಸ್ಸಿನ ಹೆಂಗಸೊಬ್ಬಳು ಅವಳ ಕಡೆ ತಿರುಗಿದಳು.

"ನೀವು ಇರಾಕಿನವರಾ?"

"ಅಲ್ಲ. ಇಂಡಿಯಾ."

"ಪತ್ರಿಕೆಯವರಾ?"

"ಅಲ್ಲ. ಲ್ಯಾಬಲ್ಲಿ ಕೆಲಸ."

"ಹಾಗಿದ್ದರೆ ಹಲೀನಾ ನಿಮ್ಮನ್ನ ಯಾಕೆ ಕರೆದುಕೊಂಡು ಬಂದಳು?"

ಅದೇ ಪ್ರಶ್ನೆಯನ್ನು ಹಿಂದಿನ ದಿನ ಮೆಹಬೂಬನೂ ಕೇಳಿದ್ದ.

ರಿಶಾರ್ಡ್ ಈಗ ಇಂಗ್ಲಿಷಿಗೆ ಬಂದ. ಹೊರಗಿನವಳೂ ಕೇಳಲಿ ಎಂಬಂತೆ. "ಸೂಪಿನ ಫೋಟೋ ಇರಲಿ, ಹಲೀನಾ. ಅದು ಸುಂದರವಾಗಿದೆ. ನಮ್ಮ ತಾತಾರರು ನಮ್ಮ ಸೈನಿಕರಿಗೆ ಊಟ ಹಾಕ್ತಿದ್ದಾರೆ. ಗೋರಿಯದು ಬೇಡ. ಇದು ಪರಂಪರೆಯ ದಿನ. ರಾಜಕೀಯದ ದಿನ ಅಲ್ಲ."

"ಎರಡೂ ಒಂದೇ ವಾರದ ಫೋಟೋ, ರಿಶಾರ್ಡ್. ಸೂಪು ಬಡಿಸಿದ ಕೈಯೇ ಮಣ್ಣು ಹಾಕಿದ್ದು. ಒಂದನ್ನ ಇಟ್ಕೊಂಡು ಒಂದನ್ನ ಎಸೆ ಅಂದರೆ ಹೇಗೆ?"

"ಆ ಜನರನ್ನ ಗಡಿಗೆ ತಂದು ನೂಕಿದ್ದು ನಾವಲ್ಲ. ಗಡಿಯಾಚೆಯವರು."

"ಹೂಳೋದು ಮಾತ್ರ ನಮ್ಮ ಪಾಲಿಗೆ ಬಂತು." ಹಲೀನಾ ದನಿ ತಗ್ಗಿಸಿದಳು. "ನೀವೂ ಕಾಡು ದಾಟಿ ಬಂದವರೇ. ಆ ಕಥೆ ನಾವೆಲ್ಲ ಪ್ರತಿ ವರ್ಷ ಕೇಳ್ತೀವಿ."

ಕಾರ್ಮಿಕರ ಹೋರಾಟದ ಫಲಕದಲ್ಲಿ ರಿಶಾರ್ಡನದೇ ಹಳೆಯ ಫೋಟೋ ಇತ್ತು: ಕಪ್ಪು ಮೀಸೆಯ ತರುಣ, ಆಸ್ಟ್ರಿಯಾದ ನಿರಾಶ್ರಿತರ ಶಿಬಿರದ ಮುಂದೆ. ಅವನು ಒಂದು ಸಲ ಅತ್ತ ನೋಡಿದ.

"ಅದು ಬೇರೆ," ಅಂದ. "ನನ್ನ ತಮ್ಮನ ಮಗ ಆ ಗಡಿಯಲ್ಲಿ ಸೈನಿಕನಾಗಿ ನಿಂತಿದ್ದಾನೆ. ಇಪ್ಪತ್ತೆರಡು ವರ್ಷ. ಈ ಗೋರಿ ನೋಡಿದವರು ನಾಳೆ ಅವನನ್ನ ಕೊಲೆಗಾರ ಅಂತಾರೆ. ಅದು ನಿನಗೆ ಬೇಕಾ?"

ಹಲೀನಾ ಎರಡೂ ಫೋಟೋಗಳನ್ನು ಚೀಲಕ್ಕೆ ಹಾಕಿದಳು. ಆಮೇಲೆ ಕುರಾನನ್ನು ಬಟ್ಟೆಯಲ್ಲಿ ಸುತ್ತಿದಳು. ಅಜ್ಜನ ಫೋಟೋಗೆ ಕೈ ಹಾಕಿದಾಗ ರಿಶಾರ್ಡ್, "ಅವರಾದರೂ ಇರಲಿ," ಅಂದ.

"ಅವರು ನಮ್ಮ ಮನೆಯವರು," ಎಂದು ಹಲೀನಾ ಅದನ್ನೂ ಎತ್ತಿಕೊಂಡಳು. ಕಡುಬಿನ ತಟ್ಟೆ ಮಾತ್ರ ಅಲ್ಲೇ ಉಳಿಯಿತು. ಜನ ಅದನ್ನು ಆಗಲೇ ಅರ್ಧಕ್ಕರ್ಧ ತಿಂದಿದ್ದರು.

ಪಾರ್ಕಿಂಗ್ ಲಾಟಿನಲ್ಲಿ ಚೀಲವನ್ನು ಕಾರಿನೊಳಗಿಟ್ಟು ಹಲೀನಾ ಬಾಗಿಲಿಗೆ ಒರಗಿ ನಿಂತಳು. ಆಗ ಹೇಳಿದಳು. ಆ ಗೋರಿಯಲ್ಲಿರುವುದು ಒಬ್ಬ ಹುಡುಗ. ಜೇಬಿನಲ್ಲಿ ಏನೂ ಇರಲಿಲ್ಲ, ಹೆಸರು ಗೊತ್ತಿಲ್ಲದೆ ಹೂಳಿದರು. ಅವನ ಜೊತೆ ಕಾಡಿನಲ್ಲಿ ಸ್ವಲ್ಪ ದೂರ ನಡೆದಿದ್ದ ಇನ್ನೊಬ್ಬ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಹೇಳಿದ್ದು ಇಷ್ಟೇ: ಇರಾಕಿನವನು, ಕುರ್ದ್, ಅವನ ಚಿಕ್ಕಮ್ಮ ಅಮೆರಿಕದ ಜರ್ಮನ್‌ಟೌನ್‌ನಲ್ಲಿದ್ದಾಳೆ.

"ತಂಗಿ ಫೋನ್ ಮಾಡಿದಳು, ಅದು ನಿನ್ನ ಊರೇ ಅಲ್ಲವಾ ಅಂತ. ಅದಕ್ಕೇ ನಿಮ್ಮಲ್ಲಿಗೆ ಬಂದೆ. ನಿಮ್ಮಲ್ಲಿ ಯಾರೂ ಬಾಯಿ ಬಿಡಲ್ಲ."

ಸಯೀದಾಳ ಕಣ್ಣ ಮುಂದೆ ನಸ್ರೀನಳ ಮುಖ ಬಂತು. ಆದರೆ ಬಾಯಿಂದ ಬಂದದ್ದು ಬೇರೆ. "ಅಮೆರಿಕದಲ್ಲಿ ಜರ್ಮನ್‌ಟೌನ್‌ಗಳು ಬೇಕಾದಷ್ಟಿವೆ."

"ವಾಷಿಂಗ್ಟನ್ ಹತ್ತಿರದ್ದು ಅಂದನಂತೆ."

"ಮತ್ತೆ ಸತ್ತವರಿಗೆ ಸ್ನಾನ ಮಾಡಿಸುವವರನ್ನ ಯಾಕೆ ಕೇಳಿದಿರಿ?"

"ಅದು ನನಗೋಸ್ಕರ," ಅಂದಳು ಹಲೀನಾ. "ನನ್ನ ಗಂಡ ಕ್ಯಾಥೊಲಿಕ್. ಅವರು ತೀರಿಹೋದಾಗ ಚರ್ಚಿನವರು ನೋಡಿಕೊಂಡರು. ನನ್ನನ್ನ ಯಾರು ನೋಡ್ಕೋತಾರೆ ಅಂತ ತಿಳ್ಕೋಬೇಕಿತ್ತು."

ಮನೆಯಲ್ಲಿ ಮೆಹಬೂಬ್ ಎಲ್ಲವನ್ನೂ ಕೇಳಿಸಿಕೊಂಡು ತಲೆಯಾಡಿಸಿದ. "ಎಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತೆ ನೋಡು. ಅಸೈಲಮ್ ಕೇಸ್ ಇರೋ ಇರಾಕಿನವರನ್ನ ಹುಡುಕಬೇಕು ಅಂದರೆ ಇದಕ್ಕಿಂತ ಒಳ್ಳೇ ಕಥೆ ಬೇಕಾ?"

ಸಯೀದಾ ಲ್ಯಾಪ್‌ಟಾಪ್ ತೆರೆದು ಆ ಹಳ್ಳಿಯನ್ನು ಹುಡುಕಿದಳು. ಮರದ ಪುಟ್ಟ ಮಸೀದಿ, ಪೈನ್ ಮರಗಳ ಖಬರಸ್ತಾನ, ಗೋರಿಗಳ ಸುದ್ದಿ, ಎಲ್ಲ ಸಿಕ್ಕಿತು. ಗಂಡನಿಗೆ ತೋರಿಸಿದಳು.

"ಹಳ್ಳಿ ನಿಜ ಇರಬಹುದು. ಹಾಗಂತ ಅವಳೂ ನಿಜ ಅಂತ ಹೇಗೆ ಹೇಳ್ತೀಯ?"

ಅವನ ಮಾತನ್ನು ತಳ್ಳಿಹಾಕಲು ಅವಳಿಂದ ಆಗಲಿಲ್ಲ. ನಸ್ರೀನಳ ನಂಬರ್ ತೆಗೆದು ನೋಡಿ ಫೋನ್ ಕೆಳಗಿಟ್ಟಳು. ಹೇಳಿದರೆ ಒಂದು ಕುಟುಂಬವನ್ನು ಹಿಡಿದುಕೊಟ್ಟ ಹಾಗಾಗಬಹುದು. ಹೇಳದಿದ್ದರೆ ಎಲ್ಲೋ ಒಬ್ಬ ತಾಯಿ ಮಗನ ಫೋನಿಗೆ ಕಾಯುತ್ತಲೇ ಇರಬಹುದು. ಲ್ಯಾಬಿನಲ್ಲಾದರೆ ಸಂಶಯ ಬಂದ ಬ್ಯಾಚನ್ನು ಬದಿಗಿಟ್ಟುಬಿಡಬಹುದಿತ್ತು. ಒಂದು ವಾರ ಹಾಗೇ ಕಳೆಯಿತು. ಕೊನೆಗೆ, ಹಲೀನಾಳಿಗೆ ಏನೂ ಹೇಳದೆ ನಸ್ರೀನಳನ್ನು ಮೊದಲು ಕೇಳುವುದರಲ್ಲಿ ಯಾರಿಗೂ ಕೆಡುಕಿಲ್ಲವೆಂದು ನಿಶ್ಚಯಿಸಿ, ಕೆಲಸ ಮುಗಿಸಿ ನೇರ ಗ್ರೋಸರಿ ಅಂಗಡಿಗೆ ಹೋದಳು.

ನಸ್ರೀನ್ ಬ್ರೆಡ್ಡಿನ ಪ್ಯಾಕೆಟ್‌ಗಳನ್ನು ಜೋಡಿಸುತ್ತಿದ್ದಳು.

"ನಿಮ್ಮ ಕಡೆಯವರು ಯಾರಾದರೂ ಪೋಲಂಡ್ ಗಡಿ ಕಡೆ ಹೋಗಿದ್ದರಾ?"

ನಸ್ರೀನಳ ಕೈ ನಿಂತಿತು. "ನಿನಗೆ ಯಾರು ಹೇಳಿದರು?"

"ಯಾರೂ ಹೇಳಿಲ್ಲ. ಕೇಳ್ತಿದ್ದೀನಿ."

"ಅಕ್ಕನ ಮಗ. ರೇಬಾಜ್. ಅಕ್ಟೋಬರಿಂದ ಫೋನ್ ಇಲ್ಲ. ಜರ್ಮನಿಯಲ್ಲಿ ಎಲ್ಲೋ ಕ್ಯಾಂಪಲ್ಲಿ ಇರ್ತಾನೆ ಅಂತ ಅಕ್ಕನಿಗೆ ಹೇಳ್ತಿದ್ದೀವಿ."

ಸಯೀದಾ ತನಗೆ ಗೊತ್ತಿದ್ದನ್ನೆಲ್ಲ ಹೇಳಿದಳು. ನಸ್ರೀನ್ ಅಳಲಿಲ್ಲ. ಅವಳ ಮುಖ ಗಟ್ಟಿಯಾಯಿತು.

"ಅವಳ ಹತ್ತಿರ ಮಾತಾಡಬೇಡ ಅಂದವಳೂ ನೀನೇ. ಈಗ ಮಾತಾಡು ಅನ್ನೋಳೂ ನೀನೇ. ನಿನ್ನ ಯಾವ ಮಾತು ನಂಬಲಿ?"

"ನನಗೂ ಗೊತ್ತಿಲ್ಲ," ಅಂದಳು ಸಯೀದಾ. "ನೀನು ಹೋಗೋದಾದರೆ ಜೊತೆಗೆ ನಾನೂ ಬರ್ತೀನಿ. ನಿನ್ನ ಹೆಸರು, ಅಡ್ರೆಸ್ ಏನೂ ಹೇಳಬೇಡ. ಬರೀ ಕೇಳಿಸ್ಕೋ."

ಶನಿವಾರ ಮಧ್ಯಾಹ್ನ ಹಲೀನಾಳ ಅಪಾರ್ಟ್‌ಮೆಂಟಿಗೆ ಹೋದರು. ನಸ್ರೀನ್ ಮಾಸ್ಕ್ ತೆಗೆಯಲಿಲ್ಲ, ಕೋಟನ್ನೂ ಬಿಚ್ಚಲಿಲ್ಲ. ಲ್ಯಾಪ್‌ಟಾಪಿನ ಪರದೆಯ ಮೇಲೆ ಫೋಟೋದಲ್ಲಿದ್ದ ಹೆಂಗಸೇ ಕಾಣಿಸಿಕೊಂಡಳು. ಅವಳು ಪೋಲಿಷಿನಲ್ಲಿ ಹೇಳಿದ್ದನ್ನು ಹಲೀನಾ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು. ಸ್ನಾನ ಮಾಡಿಸಿದ ಗಂಡಸರು ನೋಡಿದ್ದು: ತೆಳ್ಳಗಿನ ಮೈ, ಗುಂಗುರು ಕೂದಲು, ಎಡ ಹುಬ್ಬನ್ನು ಸೀಳಿಕೊಂಡು ಹೋದ ಒಂದು ಹಳೆಯ ಗಾಯದ ಗೆರೆ.

ನಸ್ರೀನ್ ಕುರ್ಚಿಯ ಅಂಚು ಹಿಡಿದುಕೊಂಡಳು. "ಚಿಕ್ಕವನಿದ್ದಾಗ ನಮ್ಮ ಮನೆ ಮೆಟ್ಟಿಲ ಮೇಲೆ ಬಿದ್ದಿದ್ದ," ಅಂದಳು. "ನಾನೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದು."

ಆಚೆ ಕಡೆ ಮೆರ್ಯೆಮಾ ಹುಡುಗನ ಹೆಸರು ಕೇಳಿ ಬರೆದುಕೊಂಡಳು. ಕುರಾನಿನ ಯಾಸೀನ್ ಓದಿಸಿದ್ದೇವೆ, ಗೋರಿಯ ಮೇಲೆ ಕಲ್ಲಿಡಿಸುತ್ತೇವೆ, ಅವನ ತಾಯಿ ಯಾವತ್ತು ಬಂದರೂ ನಮ್ಮ ಮನೆಯಲ್ಲೇ ಇಳಿದುಕೊಳ್ಳಲಿ, ಎಂದಳು. ನಸ್ರೀನ್ ಆಗ ಮಾಸ್ಕ್ ತೆಗೆದು ಅತ್ತಳು. ಕಣ್ಣೊರೆಸಿಕೊಂಡು ಹಲೀನಾಳನ್ನು ಕೇಳಿದಳು, "ಮೊದಲೇ ಯಾಕೆ ನನ್ನ ಹತ್ತಿರ ಬರಲಿಲ್ಲ?"

"ಬಂದ ಶುಕ್ರವಾರಗಳಲ್ಲೆಲ್ಲ ಕೇಳಿದೆ. ಯಾರೂ ಹೇಳಲಿಲ್ಲ."

"ಹೇಳಬೇಡಿ ಅಂತ ನಾನೇ ಎಲ್ಲರಿಗೂ ಫೋನ್ ಮಾಡಿದ್ದೆ," ಅಂದಳು ಸಯೀದಾ. "ನಿಮ್ಮ ಜೊತೆ ಸ್ನೇಹ ಮಾಡಿದ್ದೂ ನಿಮ್ಮ ಮೇಲೆ ಕಣ್ಣಿಡೋದಕ್ಕೇ."

ಹಲೀನಾ ಲ್ಯಾಪ್‌ಟಾಪ್ ಮುಚ್ಚಿ ಅಡುಗೆಮನೆಗೆ ಹೋದಳು. ಚಹಾ ತಂದು ನಸ್ರೀನಳ ಮುಂದೆ ಒಂದು ಲೋಟ ಇಟ್ಟಳು, ತನ್ನ ಮುಂದೆ ಒಂದು. ಸಯೀದಾ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಬಂದಳು.

ಕಮಿಟಿಯಲ್ಲಿ ಒಂದಷ್ಟು ವಾದವಾಗಿ, ದೂರದಲ್ಲಿ ಸತ್ತವರಿಗಾಗಿ ಮಾಡುವ ಜನಾಜಾ ನಮಾಜನ್ನು ರೇಬಾಜನ ಹೆಸರಿನಲ್ಲಿ ಮಾಡಿಸಿದರು. ಮುಂದೆ ನಿಂತು ಎಲ್ಲ ಏರ್ಪಾಡು ಮಾಡಿದವನು ಮೆಹಬೂಬನೇ. ಹಲೀನಾ ಬರಲಿಲ್ಲ. ಆಮೇಲಿನ ಶುಕ್ರವಾರಗಳಿಗೂ ಬರಲಿಲ್ಲ. ಫೆಬ್ರವರಿಯಲ್ಲಿ ಉಕ್ರೇನಿನ ಯುದ್ಧ ಶುರುವಾಯಿತು. ಪೋಲಿಷ್ ಸಂಘ ನಿರಾಶ್ರಿತರಿಗಾಗಿ ಕಂಬಳಿ, ಔಷಧಿ ಒಟ್ಟುಮಾಡುತ್ತಿದೆಯೆಂದು ಕೇಳಿ ಸಯೀದಾ ಒಂದು ಪೆಟ್ಟಿಗೆ ತುಂಬಿಕೊಂಡು ಹೋದಳು. ಹಾಲ್‌ನಲ್ಲಿ ಹಲೀನಾ ಮತ್ತು ರಿಶಾರ್ಡ್ ಒಂದೇ ಮೇಜಿನ ಎರಡು ಬದಿ ನಿಂತು, ಒಬ್ಬರಿಗೊಬ್ಬರು ಮಾತಾಡದೆ ಕಂಬಳಿ ಮಡಿಸುತ್ತಿದ್ದರು. ಬಾಗಿಲಲ್ಲಿ ಸಂಘದ ಹೊಸ ಪುಸ್ತಿಕೆ ಇತ್ತು. ಅದರಲ್ಲಿ "ನಮ್ಮ ತಾತಾರರು" ಎಂಬ ಪುಟ, ಪುಟದಲ್ಲಿ ಮೆರ್ಯೆಮಾ ಸೈನಿಕರಿಗೆ ಸೂಪು ಬಡಿಸುವ ಚಿತ್ರ. ಅಂದು ಮೇಜಿನ ಮುಂದೆ ನಿಂತಿದ್ದವರಲ್ಲಿ ಯಾರೋ ಫೋನಿನಲ್ಲಿ ಹಿಡಿದುಕೊಂಡಿರಬೇಕು. ಹಲೀನಾ ಅದನ್ನು ನೋಡಿದ್ದಳೋ ಇಲ್ಲವೋ, ಸಯೀದಾ ಕೇಳಲಿಲ್ಲ.

ರಂಜಾನ್ ಮುಗಿಯುತ್ತ ಬಂದಾಗ ಅವಳು ಹಲೀನಾಳಿಗೆ ಫೋನ್ ಮಾಡಿದಳು. ಈದ್ ದಿನ ನಮ್ಮ ಹಾಲಿಗೆ ಬನ್ನಿ ಎಂದಳು.

"ಕರೀತಾ ಇರೋದು ನೀವೋ, ನಿಮ್ಮ ಕಮಿಟಿಯೋ?"

"ನಾನು."

"ಹಾಗಿದ್ದರೆ ನೀವೇ ನಮ್ಮ ಮನೆಗೆ ಬನ್ನಿ. ನಸ್ರೀನ್ ಬರ್ತಾಳೆ. ನಿಮ್ಮ ಹಾಲಿಗೆ ನಾನು ಈಗಲೇ ಬರಲಾರೆ."

ಈದ್ ಮಧ್ಯಾಹ್ನ ಮೆಹಬೂಬ್ ತಾನೂ ಬರುತ್ತೇನೆಂದು ಹೊರಟ. ಹಲೀನಾಳ ಕಟ್ಟಡದ ಮುಂದೆ ಕಾರು ನಿಲ್ಲಿಸಿ, ಇಂಜಿನ್ ಆರಿಸದೆ, ಒಳಗೆ ಹೋಗುವವರನ್ನೂ ಹೊರಗೆ ಬರುವವರನ್ನೂ ನೋಡುತ್ತ ಕೂತ. ಸಯೀದಾ ಅವಸರ ಮಾಡಲಿಲ್ಲ. ಆಮೇಲೆ ಅವನೇ ಈದಿನ ಪಾಯಸ ಶೀರ್ ಖುರ್ಮಾದ ಪಾತ್ರೆ ಎತ್ತಿಕೊಂಡು ಇಳಿದ.

ಹಲೀನಾ ಬಾಗಿಲು ತೆರೆದು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಇವರು?"

"ನನ್ನ ಗಂಡ," ಅಂದಳು ಸಯೀದಾ.

"ಕಮಿಟಿಯವರು?"

"ಹೌದು," ಎಂದ ಮೆಹಬೂಬ್. "ಕಣ್ಣಿಡು ಅಂತ ಹೇಳಿದ್ದು ನಾನೇ."

ಹಲೀನಾ ಬಾಗಿಲಿಂದ ಕೂಡಲೇ ಸರಿಯಲಿಲ್ಲ. ಒಳಗಿನಿಂದ ನಸ್ರೀನ್ ಯಾರು ಬಂದದ್ದೆಂದು ಕೇಳಿದಳು. ಹಲೀನಾ ಕೈ ಚಾಚಿ ಪಾತ್ರೆಯನ್ನು ತೆಗೆದುಕೊಂಡು, ಮುಚ್ಚಳ ಸರಿಸಿ ಒಳಗೇನಿದೆಯೆಂದು ನೋಡಿದಳು.

"ಶೂ ಅಲ್ಲಿ ಬಿಡಿ," ಅಂದಳು.